ಆಟದ ಅಂಗಳಕ್ಕೆ ಟಿ.ವಿ. ಹಣ ಬಂದ ಬಗೆ



ಪರದೆಯ ಮೇಲಿನ ಮಾತುಕತೆಗೆ ಗಡಿಯಾರದ ಕಾವಲಿರುತ್ತದೆ. ಅತಿಥಿಗಳು ಒಂದು ವಿಷಯದ ಬಾಗಿಲು ತೆರೆಯುವಷ್ಟರಲ್ಲಿ ಕಾರ್ಯಕ್ರಮದ ಅವಧಿ ಮುಗಿದಿರುತ್ತದೆ. ಕ್ರೀಡೆ ಮತ್ತು ದೂರದರ್ಶನದ ನಂಟಿನ ಬಗ್ಗೆ ಹೇಳಬೇಕಾದದ್ದು ಹಾಗೆಯೇ ಅರ್ಧಕ್ಕೆ ನಿಲ್ಲುವಂಥದ್ದು. ಅದನ್ನು ಈ ಪುಟಗಳಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಕ್ರಿಕೆಟ್ ಮಂಡಳಿಗೆ ಅಷ್ಟೊಂದು ಹಣ ಎಲ್ಲಿಂದ ಬಂತು? ಬೆಂಗಳೂರಿನ ಒಂದು ಫುಟ್‌ಬಾಲ್ ತಂಡ ತಾನು ಎರಡು ಸಲ ಗೆದ್ದ ಲೀಗನ್ನೇ ಬಿಟ್ಟು ಬೇರೆ ಲೀಗಿಗೆ ಹೋದದ್ದೇಕೆ? ಅಮೆರಿಕದ ಕಾಲೇಜು ತಂಡಗಳು ಪಕ್ಕದೂರಿನ ಎದುರಾಳಿಯನ್ನು ಬಿಟ್ಟು ನಾಲ್ಕು ಸಾವಿರ ಕಿಲೋಮೀಟರ್ ದೂರದ ತಂಡದೊಡನೆ ಆಡುವುದೇಕೆ? ಈ ಮೂರು ಪ್ರಶ್ನೆಗಳಿಗೂ ಉತ್ತರ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ.

ಮೊದಲು 1993ರ ನವೆಂಬರಿಗೆ ಹೋಗೋಣ.

ಬಂಗಾಳ ಕ್ರಿಕೆಟ್ ಸಂಸ್ಥೆ ತನ್ನ ವಜ್ರಮಹೋತ್ಸವಕ್ಕಾಗಿ ಹೀರೋ ಕಪ್ ಎಂಬ ಪಂದ್ಯಾವಳಿಯನ್ನು ಏರ್ಪಡಿಸಿತು. ಭಾರತ, ವೆಸ್ಟ್ ಇಂಡೀಸ್, ದಕ್ಷಿಣ ಆಫ್ರಿಕಾ, ಶ್ರೀಲಂಕಾ, ಜಿಂಬಾಬ್ವೆ ಆಡಿದವು. ಬಹುಕಾಲ ನಮ್ಮ ದೇಶದಲ್ಲಿ ಪಂದ್ಯವನ್ನು ತೋರಿಸುವವರು ಒಬ್ಬರೇ: ದೂರದರ್ಶನ. ಬೇರೆ ಗಿರಾಕಿಯೇ ಇಲ್ಲದ ಸಂತೆಯಲ್ಲಿ ಬೆಲೆ ಯಾರು ಕಟ್ಟುತ್ತಾರೋ ಊಹಿಸಿಕೊಳ್ಳಿ. ಪಂದ್ಯ ತೋರಿಸಬೇಕಾದರೆ ಪಂದ್ಯವೊಂದಕ್ಕೆ 5 ಲಕ್ಷ ರೂಪಾಯಿಯನ್ನು ಸಂಘಟಕರೇ ಕೊಡಬೇಕು ಎಂಬುದು ದೂರದರ್ಶನದ ವಾದವಾಗಿತ್ತು. ಇಂದಿನ ನಿಮಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಆ ಕಾಲದ ಲೆಕ್ಕದಲ್ಲಿ ಅದಕ್ಕೊಂದು ತರ್ಕವಿತ್ತು. ಹೊರಾಂಗಣ ಪ್ರಸಾರದ ವಾಹನ, ಕ್ಯಾಮೆರಾಗಳು, ತಂತ್ರಜ್ಞರು, ಮೈಕ್ರೋವೇವ್ ಸಂಪರ್ಕ, ಇವೆಲ್ಲದರ ಖರ್ಚು ಸರ್ಕಾರದ್ದು. ಪ್ರಚಾರ ಸಿಗುವುದು ಆಟಕ್ಕೆ. ಆದ್ದರಿಂದ ಆಟದವರು ಕೊಡಲಿ ಎಂಬುದು.

ಬಂಗಾಳದವರು ಕೊಡಲೊಪ್ಪಲಿಲ್ಲ. ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶೀ ಸಂಸ್ಥೆಗೆ ಪ್ರಸಾರ ಹಕ್ಕನ್ನು ಮಾರಿಬಿಟ್ಟರು. ಅಲ್ಲಿಂದ ಜಗಳ ಶುರುವಾಯಿತು. ಭಾರತದ ನೆಲದಿಂದ ಉಪಗ್ರಹಕ್ಕೆ ಚಿತ್ರ ಕಳಿಸಲು ಸರ್ಕಾರದ ಅನುಮತಿ ಬೇಕು. 1885ರ ಟೆಲಿಗ್ರಾಫ್ ಕಾಯಿದೆಯ ಪ್ರಕಾರ ಆ ಅಧಿಕಾರ ಸರ್ಕಾರಕ್ಕೆ ಮಾತ್ರ ಸೇರಿದ್ದು ಎಂದು ಸಚಿವಾಲಯ ಹೇಳಿತು. ಸುಂಕ ಇಲಾಖೆ ವಿದೇಶೀ ಸಂಸ್ಥೆಯ ಉಪಕರಣಗಳನ್ನು ತಡೆಹಿಡಿಯಿತು. ವಿಷಯ ಕಲ್ಕತ್ತಾ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ತಂತಿ ಸಂದೇಶಕ್ಕಾಗಿ ರಾಣಿ ವಿಕ್ಟೋರಿಯಾ ಕಾಲದಲ್ಲಿ ಮಾಡಿದ ಕಾಯಿದೆಯನ್ನು ಹಿಡಿದುಕೊಂಡು ಸಚಿನ್ ತೆಂಡೂಲ್ಕರ್ ಅವರ ಬ್ಯಾಟಿಂಗನ್ನು ಯಾರು ತೋರಿಸಬೇಕೆಂದು ವಕೀಲರು ವಾದಿಸಿದರು!

ಮಧ್ಯಂತರ ಆದೇಶದಿಂದ ದಾರಿ ಬಿಟ್ಟಿತು. ಸೆಮಿಫೈನಲ್‌ನ ಕೊನೆಯ ಓವರನ್ನು ತೆಂಡೂಲ್ಕರ್ ಎಸೆದು ದಕ್ಷಿಣ ಆಫ್ರಿಕಾವನ್ನು ಕಟ್ಟಿಹಾಕಿದ್ದನ್ನು ನಿಮ್ಮ ತಂದೆಯವರನ್ನೋ ಚಿಕ್ಕಪ್ಪನನ್ನೋ ಕೇಳಿ, ನಿನ್ನೆ ನಡೆದಂತೆ ಹೇಳುತ್ತಾರೆ. ನವೆಂಬರ್ 27ರ ಫೈನಲ್‌ನಲ್ಲಿ ವೆಸ್ಟ್ ಇಂಡೀಸನ್ನು 123ಕ್ಕೆ ಉರುಳಿಸಿದವರು ನಮ್ಮ ಅನಿಲ್ ಕುಂಬ್ಳೆ. 12 ರನ್ನಿಗೆ 6 ವಿಕೆಟ್. ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದ ದಕ್ಷಿಣ ಬೆಂಗಳೂರಿನ ಹುಡುಗ ಈಡನ್ ಗಾರ್ಡನ್ಸ್‌ನ ದೀಪಗಳ ಕೆಳಗೆ ಹೀಗೆ ಬೌಲ್ ಮಾಡುತ್ತಿದ್ದಾಗ, ಆ ಚಿತ್ರ ಯಾರ ಸೊತ್ತು ಎಂಬ ಪ್ರಶ್ನೆ ಇನ್ನೂ ನ್ಯಾಯಾಲಯದ ಮುಂದೆ ಇತ್ತು.

ಅಂತಿಮ ತೀರ್ಪು ಬಂದದ್ದು 1995ರ ಫೆಬ್ರುವರಿ 9ರಂದು. ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್, ಬಿ.ಪಿ. ಜೀವನ್ ರೆಡ್ಡಿ ಅವರ ಪೀಠ ಹೇಳಿದ್ದರ ಸಾರಾಂಶ ಇಷ್ಟು: ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ. ಅವು ಸರ್ಕಾರದ ಸ್ವಂತ ಸೊತ್ತೂ ಅಲ್ಲ, ಖಾಸಗಿಯವರು ಮನಬಂದಂತೆ ಬಳಸುವ ವಸ್ತುವೂ ಅಲ್ಲ. ಅವುಗಳ ನಿಯಂತ್ರಣಕ್ಕೆ ಸ್ವತಂತ್ರವಾದ ಸಾರ್ವಜನಿಕ ಪ್ರಾಧಿಕಾರವೊಂದು ಬೇಕು.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ತೀರ್ಪಿನಲ್ಲಿ ಹಿಡಿಸುವ ಅಂಶ ಒಂದಿದೆ. ತರಂಗವನ್ನು ಸಾರ್ವಜನಿಕ ಆಸ್ತಿ ಎಂದು ಏಕೆ ಕರೆಯಬೇಕು? ಅದು ಗಾಳಿಯಂತೆ ಎಲ್ಲೆಡೆ ಇದೆ ಎಂಬ ಕಾರಣಕ್ಕಲ್ಲ, ಅದು ಮಿತವಾಗಿದೆ ಎಂಬ ಕಾರಣಕ್ಕೆ. ಹಳೆಯ ಆಂಟೆನಾ ಕಾಲದ ವಿ.ಎಚ್.ಎಫ್. ಪ್ರಸಾರದಲ್ಲಿ ಒಂದೊಂದು ಚಾನೆಲ್ಲಿಗೆ 7 ಮೆಗಾಹರ್ಟ್ಸ್ ಅಗಲದ ಜಾಗ ಬೇಕಾಗುತ್ತಿತ್ತು. ಒಂದೇ ಊರಿನಲ್ಲಿ ಒಂದೇ ಆವರ್ತನಾಂಕದಲ್ಲಿ ಇಬ್ಬರು ಪ್ರಸಾರ ಮಾಡಿದರೆ ಎರಡೂ ಚಿತ್ರಗಳು ಕೆಡುತ್ತವೆ. ಕೆರೆಯ ತೂಬಿಗೆ ಸರದಿ ಹಾಕುವ ಹಾಗೆ ಇಲ್ಲೂ ಸರದಿ ಹಾಕುವವರೊಬ್ಬರು ಇರಲೇಬೇಕು. ಆದರೆ ಸರದಿ ಹಾಕುವವನೇ ಕೆರೆ ತನ್ನದೆಂದರೆ ಹೇಗೆ? ನಾನೂ ಸರ್ಕಾರಿ ವಾಹಿನಿಗೆ ಕಾರ್ಯಕ್ರಮ ಮಾಡುವವನೇ. ಆದರೂ 1993ರಲ್ಲಿ ದೂರದರ್ಶನದ ವಾದ ದುರ್ಬಲವಾಗಿತ್ತು ಎಂದೇ ಹೇಳಬೇಕು.

ಅಮೆರಿಕದ ಅಣ್ಣ ತೀರ್ಪು

ಇದಕ್ಕೆ ಹನ್ನೊಂದು ವರ್ಷ ಮುಂಚೆ ಇಂಥದೇ ಜಗಳವೊಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿತ್ತು. ಅಲ್ಲಿ ಏಕಸ್ವಾಮ್ಯ ಇದ್ದದ್ದು ಸರ್ಕಾರದ್ದಲ್ಲ, ಕಾಲೇಜುಗಳದೇ ಒಕ್ಕೂಟದ್ದು.

ಅಮೆರಿಕದಲ್ಲಿ ಕಾಲೇಜು ಕ್ರೀಡೆ ಎಂದರೆ ನಮ್ಮ ಅಂತರ ಕಾಲೇಜು ಪಂದ್ಯಾವಳಿಯ ಹಾಗಲ್ಲ. ಶನಿವಾರದ ಒಂದು ಫುಟ್‌ಬಾಲ್ ಪಂದ್ಯಕ್ಕೆ (ಅವರ ಫುಟ್‌ಬಾಲ್ ಬೇರೆ, ಅಂಡಾಕಾರದ ಚೆಂಡಿನದು) ಲಕ್ಷದಷ್ಟು ಜನ ಸೇರುವ ಕ್ರೀಡಾಂಗಣಗಳು ಕೆಲವು ವಿಶ್ವವಿದ್ಯಾಲಯಗಳಲ್ಲಿವೆ. ಟಿ.ವಿ. ಬಂದ ಹೊಸದರಲ್ಲಿ ಕಾಲೇಜುಗಳಿಗೆ ಹೆದರಿಕೆಯಾಯಿತು. ಮನೆಯಲ್ಲೇ ಕೂತು ನೋಡುವುದಾದರೆ ಟಿಕೆಟ್ ಕೊಳ್ಳುವವರು ಯಾರು? ಹೀಗಾಗಿ ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಒಕ್ಕೂಟ 1950ರ ದಶಕದ ಮೊದಲಲ್ಲೇ ಒಂದು ಕಟ್ಟು ಮಾಡಿತು. ಋತುವಿನಲ್ಲಿ ಇಷ್ಟೇ ಪಂದ್ಯ, ಒಂದು ತಂಡ ಇಷ್ಟೇ ಸಲ ಟಿ.ವಿ.ಯಲ್ಲಿ ಕಾಣಿಸಿಕೊಳ್ಳಬೇಕು, ಒಪ್ಪಂದ ಮಾಡಿಕೊಳ್ಳುವುದೂ ಒಕ್ಕೂಟವೇ. ಮೂವತ್ತು ವರ್ಷ ಇದು ನಡೆಯಿತು. ದೊಡ್ಡ ತಂಡಗಳಿಗೆ ಇದು ಸರಿಬರಲಿಲ್ಲ. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳವರು ನ್ಯಾಯಾಲಯಕ್ಕೆ ಹೋದರು. 1984ರ ಜೂನ್ 27ರಂದು ಏಳು ಮಂದಿ ನ್ಯಾಯಮೂರ್ತಿಗಳು ಒಕ್ಕೂಟದ ವಿರುದ್ಧ ತೀರ್ಪಿತ್ತರು. ಒಪ್ಪದವರು ಇಬ್ಬರು. ಭಿನ್ನ ತೀರ್ಪು ಬರೆದ ಬೈರನ್ ವೈಟ್ ಸ್ವತಃ ಕೊಲರಾಡೋ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದವರು! ಹಣದ ಹರಿವಿಗೆ ಕಟ್ಟೆ ಒಡೆದರೆ ಕಾಲೇಜು ಆಟದ ಸ್ವರೂಪವೇ ಬದಲಾಗುತ್ತದೆ ಎಂಬ ಆತಂಕ ಅವರದಾಗಿತ್ತು.

ಬದಲಾಯಿತು. ಅಲ್ಲಿನ ಕಾಲೇಜುಗಳು ಕಾನ್ಫರೆನ್ಸ್ ಎಂಬ ಕೂಟಗಳಲ್ಲಿ ಸೇರಿ ಆಡುತ್ತವೆ. ಮೊದಲು ಈ ಕೂಟಗಳು ನೆರೆಹೊರೆಯವು. ರೈಲಿನಲ್ಲಿ ಒಂದು ರಾತ್ರಿಯಲ್ಲಿ ಹೋಗಿಬರಬಹುದಾದ ಊರುಗಳ ಗೆಳೆತನ, ಹಗೆತನ. 1984ರ ನಂತರ ಪ್ರಸಾರ ಹಕ್ಕನ್ನು ಮಾರುವ ಕೆಲಸ ಈ ಕೂಟಗಳ ಕೈಗೆ ಬಂತು. ಯಾವ ಕೂಟದಲ್ಲಿ ಹೆಚ್ಚು ದೊಡ್ಡ ನಗರಗಳಿವೆಯೋ ಅದಕ್ಕೆ ಹೆಚ್ಚು ಬೆಲೆ. ಟೆಕ್ಸಾಸ್ ಕಡೆಯ ಸೌತ್‌ವೆಸ್ಟ್ ಕೂಟ 1914ರಲ್ಲಿ ಹುಟ್ಟಿ 1996ರಲ್ಲಿ ಕಣ್ಮುಚ್ಚಿತು. ಇನ್ನೂ ದೊಡ್ಡ ಸಾವು ಮುಂದಿತ್ತು. ಪೆಸಿಫಿಕ್ ತೀರದ ಕೂಟಕ್ಕೆ 1915ರಿಂದ ಇತಿಹಾಸವಿತ್ತು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಎರಡು ವಿಶ್ವವಿದ್ಯಾಲಯಗಳು ತಾವು ಬಿಗ್ ಟೆನ್ ಎಂಬ ಕೂಟಕ್ಕೆ ಹೋಗುವುದಾಗಿ ಹೇಳಿದವು. ಅದೇ ಆಗಸ್ಟಿನಲ್ಲಿ ಬಿಗ್ ಟೆನ್ ಏಳು ವರ್ಷಕ್ಕೆ ಸುಮಾರು 700 ಕೋಟಿ ಡಾಲರಿನ ಟಿ.ವಿ. ಒಪ್ಪಂದಗಳನ್ನು ಪ್ರಕಟಿಸಿತು. ಮುಂದಿನ ವರ್ಷ ಉಳಿದವರೂ ಒಬ್ಬರ ಹಿಂದೊಬ್ಬರು ಹೊರಟರು. 2024ರಲ್ಲಿ ಹನ್ನೆರಡರಲ್ಲಿ ಉಳಿದದ್ದು ಎರಡೇ: ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಪೆಸಿಫಿಕ್ ಸಾಗರದ ಪಕ್ಕದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಅಟ್ಲಾಂಟಿಕ್ ತೀರದ ಕೂಟ ಸೇರಿತು. ಭೂಗೋಳದ ಮೇಷ್ಟರಿಗೆ ಇದನ್ನು ಹೇಗೆ ವಿವರಿಸುವುದೋ!

ಇದರ ಪೆಟ್ಟು ಬಿದ್ದದ್ದು ಯಾರಿಗೆ? ಫುಟ್‌ಬಾಲ್ ತಂಡ ವಾರಕ್ಕೊಮ್ಮೆ ವಿಶೇಷ ವಿಮಾನದಲ್ಲಿ ಹೋಗಿಬರುತ್ತದೆ. ಆದರೆ ಕೂಟ ಬದಲಾದಾಗ ಅದರ ಜೊತೆ ವಾಲಿಬಾಲ್, ಸಾಫ್ಟ್‌ಬಾಲ್ ತಂಡಗಳೂ ಬದಲಾಗುತ್ತವೆ. ಲಾಸ್ ಏಂಜಲಿಸ್‌ನ ಹುಡುಗಿಯೊಬ್ಬಳು ವಾಲಿಬಾಲ್ ಆಡಲು ನ್ಯೂಜೆರ್ಸಿಗೆ ಹೋಗಬೇಕು. ದೂರ ಸುಮಾರು 4,000 ಕಿ.ಮೀ. ನಮ್ಮ ಬೆಂಗಳೂರಿನಿಂದ ದೆಹಲಿಗೆ ವಿಮಾನದ ದಾರಿಯ ಎರಡರಷ್ಟಕ್ಕೂ ಹೆಚ್ಚು. ಸೋಮವಾರ ಬೆಳಗ್ಗೆ ಆಕೆಗೆ ಕ್ಲಾಸಿದೆ. ಅವಳ ಆಟವನ್ನು ಕೊಳ್ಳಲು ಯಾವ ಟಿ.ವಿ.ಯೂ ಕೋಟಿಗಟ್ಟಲೆ ಸುರಿದಿಲ್ಲ. ಬಹುಕಾಲ ಈ ಹಣದಲ್ಲಿ ಆಟಗಾರರಿಗೆ ವಿದ್ಯಾರ್ಥಿವೇತನದ ಹೊರತು ಪಾಲೂ ಇರಲಿಲ್ಲ. 2025ರ ಜೂನಿನಲ್ಲಿ ಒಪ್ಪಿಗೆ ಪಡೆದ ನ್ಯಾಯಾಲಯದ ಒಂದು ರಾಜಿಯ ನಂತರವೇ ಕಾಲೇಜುಗಳು ನೇರವಾಗಿ ಆಟಗಾರರಿಗೆ ಹಣ ಕೊಡುವಂತಾಯಿತು.

ನಮ್ಮಲ್ಲೂ ಕಾಲೇಜುಗಳು ಕೂಟ ಬದಲಿಸಿವೆ

ನಮ್ಮ ವಿಶ್ವವಿದ್ಯಾಲಯಗಳ ಆಟಕ್ಕೂ ಕೂಟಗಳಿವೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೇಶವನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ವಲಯಗಳಾಗಿ ವಿಂಗಡಿಸಿ ಪಂದ್ಯ ನಡೆಸುತ್ತದೆ. ವಲಯದಲ್ಲಿ ಗೆದ್ದವರು ಅಖಿಲ ಭಾರತ ಮಟ್ಟಕ್ಕೆ. ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಟ್ರೋಫಿ 1935ರಷ್ಟು ಹಳೆಯದು. ಒಂದು ಕಾಲದಲ್ಲಿ ದೇಶದ ತಂಡಕ್ಕೆ ಅದೂ ಒಂದು ಮೆಟ್ಟಿಲಾಗಿತ್ತು.

ಈಗ ನಮ್ಮ ರಾಜ್ಯದಲ್ಲಿ ಆದ ಒಂದು ಬದಲಾವಣೆಯನ್ನು ನೋಡಿ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅದುವರೆಗೆ ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳ ಅಡಿಯಲ್ಲಿದ್ದ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳೆಲ್ಲ ಬೇರೆಯಾದವು. ಕುಂಬ್ಳೆ ಓದುವಾಗ ಆರ್.ವಿ. ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಇಂಜಿನಿಯರಿಂಗ್ ಹುಡುಗ, ಕಾಮರ್ಸ್ ಹುಡುಗ, ಬಿ.ಎಸ್ಸಿ. ಹುಡುಗ ಮೂವರೂ ಒಂದೇ ವಿಶ್ವವಿದ್ಯಾಲಯದ ತಂಡಕ್ಕೆ ಆಡಬಹುದಿತ್ತು. 1998ರ ನಂತರ ಜಯನಗರದ ಬಿ.ಎಸ್ಸಿ. ವಿದ್ಯಾರ್ಥಿಯೂ ಪಕ್ಕದ ರಸ್ತೆಯ ಬಿ.ಇ. ವಿದ್ಯಾರ್ಥಿಯೂ ಎದುರಾಳಿಗಳಾದರು. ಬಿ.ಇ. ವಿದ್ಯಾರ್ಥಿಯ ಜೊತೆಯಾಟಗಾರ ಬೀದರಿನವನೋ ಭಟ್ಕಳದವನೋ ಆಗಿರಬಹುದು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನೇ ಮೂರಾಗಿ ಹಂಚಿದಾಗ ತಂಡಗಳೂ ಮೂರಾದವು.

ಇಷ್ಟೆಲ್ಲ ಬದಲಾವಣೆಗೆ ಟಿ.ವಿ. ಹಣ ಕಾರಣವಲ್ಲ. ಪರೀಕ್ಷೆ, ಪಠ್ಯಕ್ರಮ, ಆಡಳಿತ ಕಾರಣ. ಆಟದ ತಂಡ ಏನಾಗುತ್ತದೆ ಎಂದು ಅಲ್ಲಿ ಯಾರೂ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಅಮೆರಿಕದಲ್ಲಿ ಆಟಕ್ಕಾಗಿ ವಿಶ್ವವಿದ್ಯಾಲಯಗಳು ಕೂಟ ಬಿಡುತ್ತವೆ. ನಮ್ಮಲ್ಲಿ ಅಂಕಪಟ್ಟಿಯ ಹಿಂದೆ ತಂಡ ಹೋಗುತ್ತದೆ. ಎರಡರಲ್ಲಿ ಯಾವುದು ಮೇಲು ಎಂದರೆ ನನಗೆ ಯಾವುದೂ ಅಲ್ಲ ಎನಿಸುತ್ತದೆ.

ನಾನಿರುವುದು ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಲ್ಲಿ. ಭಾನುವಾರ ಬೆಳಗ್ಗೆ ಇನ್ನೂ ಮನೆ ಏಳದ ಸೈಟುಗಳಲ್ಲಿ ಕಾಲೇಜು ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿರುತ್ತಾರೆ. ಬೆನ್ನ ಮೇಲೆ 18 ಎಂಬ ಅಂಕಿ ಇರುವ ಕೆಂಪು ಅಂಗಿಗಳಿಗೆ ಲೆಕ್ಕವಿಲ್ಲ. ಐ.ಪಿ.ಎಲ್. ಹರಾಜಿನಲ್ಲಿ ಯಾರಿಗೆ ಎಷ್ಟು ಕೋಟಿ ಎಂಬುದು ಅವರಿಗೆ ಬಾಯಿಪಾಠ. ನಿಮ್ಮ ವಿಶ್ವವಿದ್ಯಾಲಯದ ತಂಡದ ನಾಯಕ ಯಾರಪ್ಪ ಎಂದು ಒಮ್ಮೆ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪು ಅವರದಲ್ಲ, ಆ ನಾಯಕನನ್ನು ಅವರು ಎಲ್ಲಿ ನೋಡಬೇಕು? 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲೇ, ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಸುಮಾರು ಇನ್ನೂರು ವಿಶ್ವವಿದ್ಯಾಲಯಗಳ ಸ್ಪರ್ಧಿಗಳು ಬಂದಿದ್ದರು. ಅದು ನಡೆದದ್ದು ಸರ್ಕಾರದ ಯೋಜನೆಯಾಗಿ, ಹಕ್ಕು ಮಾರಿದ ಹಣದಿಂದಲ್ಲ.

ನೇರ ಪ್ರಸಾರಕ್ಕೆ ಇಷ್ಟು ಬೆಲೆ ಏಕೆ?

ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ. ಒಂದು ಪಂದ್ಯವನ್ನು ಚಿತ್ರೀಕರಿಸುವ ಖರ್ಚು ನೋಡುವವರು ಸಾವಿರ ಮಂದಿಯಾದರೂ ಅಷ್ಟೇ, ಹತ್ತು ಕೋಟಿಯಾದರೂ ಅಷ್ಟೇ. ಉಪಗ್ರಹದಿಂದ ಬೀಳುವ ಸಂಕೇತಕ್ಕೆ ಇನ್ನೊಂದು ಡಿಶ್ ಹೆಚ್ಚಾದರೆ ಖರ್ಚು ಹೆಚ್ಚುವುದಿಲ್ಲ. ಹೀಗಾಗಿ ಕನಿಷ್ಠ ವೀಕ್ಷಕರ ಗೆರೆ ದಾಟಿದ ಮೇಲೆ ಬರುವುದೆಲ್ಲ ಲಾಭ. ಇನ್ನೊಂದು ಅಂಶ: ಸಿನಿಮಾವನ್ನು ಇವತ್ತಲ್ಲದಿದ್ದರೆ ನಾಳೆ ನೋಡಬಹುದು. ಪಂದ್ಯ ಹಾಗಲ್ಲ. ಫಲಿತಾಂಶ ತಿಳಿದ ಮರುಕ್ಷಣ ಅದರ ಬೆಲೆ ಕುಸಿಯುತ್ತದೆ. ಅದು ಹಾಲಿನಂಥ ಸರಕು, ಕರೆದ ಹೊತ್ತಿಗೇ ಮಾರಬೇಕು. ಎಲ್ಲರೂ ಒಂದೇ ಗಳಿಗೆಯಲ್ಲಿ ಪರದೆಯ ಮುಂದೆ ಕೂರುತ್ತಾರೆ ಎಂಬುದೇ ಜಾಹೀರಾತಿನವರಿಗೆ ಹಬ್ಬ.

ಈ ಲೆಕ್ಕವನ್ನು ನಮ್ಮವರಲ್ಲಿ ಮೊದಲು ಅರ್ಥಮಾಡಿಕೊಂಡವರ ಪೈಕಿ ಬೆಂಗಳೂರಿನಲ್ಲಿ ಹುಟ್ಟಿದ ಮಾರ್ಕ್ ಮಸ್ಕರೇನ್ಹಸ್ ಒಬ್ಬರು. ಓದಲು ಅಮೆರಿಕಕ್ಕೆ ಹೋಗಿ, ಅಲ್ಲಿನ ಸಿ.ಬಿ.ಎಸ್. ವಾಹಿನಿಯ ಕ್ರೀಡಾ ವಿಭಾಗದಲ್ಲಿ ಪಳಗಿ, ವರ್ಲ್ಡ್‌ಟೆಲ್ ಎಂಬ ಸಂಸ್ಥೆ ಕಟ್ಟಿದರು. 1996ರ ವಿಶ್ವಕಪ್ಪಿನ ಟಿ.ವಿ. ಹಕ್ಕನ್ನು ಅವರು ಒಂದು ಕೋಟಿ ಡಾಲರಿಗೆ ಕೊಂಡಾಗ ಹಲವರು ಹುಬ್ಬೇರಿಸಿದರು. ಅದೇ ವಿಶ್ವಕಪ್ಪಿಗಾಗಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ದೀಪದ ಕಂಬಗಳು ಬಂದವು. ದೀಪದ ಬೆಳಕಿನ ಮೊದಲ ಪಂದ್ಯ ಮಾರ್ಚ್ 9ರಂದು, ಭಾರತ–ಪಾಕಿಸ್ತಾನದ ಕ್ವಾರ್ಟರ್ ಫೈನಲ್. ವೆಂಕಟೇಶ್ ಪ್ರಸಾದ್ ಅವರು ಆಮಿರ್ ಸೊಹೇಲರ ಸ್ಟಂಪು ಹಾರಿಸಿದ್ದು ಅಂದೇ. ರಾತ್ರಿ ಆಟ ಎಂಬುದೇ ಬಹುಮಟ್ಟಿಗೆ ಟಿ.ವಿ.ಯ ಬೇಡಿಕೆ, ಮನೆಮಂದಿಯೆಲ್ಲ ಮನೆಯಲ್ಲಿರುವ ಹೊತ್ತದು. ಮಸ್ಕರೇನ್ಹಸ್ 2002ರ ಜನವರಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ತಾವು ತೋರಿಸಿದ ದಾರಿ ಎಷ್ಟು ಅಗಲವಾಯಿತೆಂದು ಅವರು ನೋಡಲಿಲ್ಲ.

ಆ ಅಗಲವನ್ನು ಅಂಕಿಗಳಲ್ಲೇ ನೋಡಿ. ಐ.ಪಿ.ಎಲ್.ನ ಮೊದಲ ಪಂದ್ಯ 2008ರ ಏಪ್ರಿಲ್ 18ರಂದು ಬೆಂಗಳೂರಿನಲ್ಲೇ ನಡೆಯಿತು. ಅದರ ಮೊದಲ ಹತ್ತು ವರ್ಷದ ಹಕ್ಕು ನೂರು ಕೋಟಿ ಡಾಲರಿಗೆ ಮೀರಿತ್ತು. 2018ರಿಂದ 2022ರವರೆಗಿನ ಐದು ವರ್ಷಕ್ಕೆ 16,347.5 ಕೋಟಿ ರೂಪಾಯಿ. 2023ರಿಂದ 2027ರವರೆಗಿನ ಐದು ವರ್ಷಕ್ಕೆ 48,390 ಕೋಟಿ. ಪಂದ್ಯಕ್ಕೆ 5 ಲಕ್ಷ ನೀವೇ ಕೊಡಿ ಎಂದದ್ದು 1993ರಲ್ಲಿ. ಮೂವತ್ತು ವರ್ಷಗಳಲ್ಲಿ ಪಂದ್ಯಕ್ಕೆ ನೂರು ಕೋಟಿಗೂ ಮಿಕ್ಕಿ ಮಂಡಳಿಗೆ ಬರುವಂತಾಯಿತು.

ಇಷ್ಟು ಹಣ ಕೊಟ್ಟವರು ಆಟದ ನಿಯಮವನ್ನೂ ಮುಟ್ಟದೆ ಬಿಡುತ್ತಾರೆಯೇ? 2009ರಲ್ಲಿ ಐ.ಪಿ.ಎಲ್.ಗೆ ‘ಸ್ಟ್ರಾಟೆಜಿಕ್ ಟೈಮ್‌ಔಟ್’ ಬಂತು. ಹೆಸರು ತಂತ್ರದ್ದು, ಸಮಯ ಜಾಹೀರಾತಿನದು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಸತತ ಎರಡು ಖಾಲಿ ರೈಡ್‌ಗಳ ನಂತರ ಮೂರನೆಯದರಲ್ಲಿ ಅಂಕ ತರಲೇಬೇಕೆಂಬ ‘ಡೂ ಆರ್ ಡೈ’ ನಿಯಮ ಸೇರಿತು. ಇದರಿಂದ ಆಟ ಚುರುಕಾಯಿತು ಎಂಬುದನ್ನು ಒಪ್ಪಬೇಕು. ನಮ್ಮ ಹಳ್ಳಿಗಳ ಕಬಡ್ಡಿ ಆಟಗಾರನಿಗೆ ಹೆಸರೂ ಸಂಪಾದನೆಯೂ ಸಿಕ್ಕಿತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದಾಗ ಅದನ್ನು ಕಂಡವರ ಸಂಖ್ಯೆ ಹಿಂದಿನ ಯಾವ ಕಬಡ್ಡಿ ಪಂದ್ಯಕ್ಕೂ ಕಡಿಮೆಯಿರಲಾರದು. ಟಿ.ವಿ. ಹಣವೆಲ್ಲ ಕೆಟ್ಟದ್ದು ಎಂದು ಮೂಗು ಮುರಿಯುವವರು ಇದನ್ನು ಮರೆಯಬಾರದು.

ಸರ್ಕಾರವೂ ಸುಮ್ಮನಿರಲಿಲ್ಲ. 1995ರ ತೀರ್ಪಿನ ಬಳಿಕ, 1990ರಲ್ಲೇ ಅಂಗೀಕಾರವಾಗಿ ಕಪಾಟಿನಲ್ಲಿದ್ದ ಪ್ರಸಾರ ಭಾರತಿ ಕಾಯಿದೆ 1997ರಲ್ಲಿ ಜಾರಿಗೆ ಬಂತು. 2007ರಲ್ಲಿ ಇನ್ನೊಂದು ಕಾಯಿದೆ: ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ಹಕ್ಕುದಾರರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಲೇಬೇಕು, ಟಿ.ವಿ. ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ 75, ಪ್ರಸಾರ ಭಾರತಿಗೆ 25 ಪಾಲು. ಕೇಬಲ್ಲಿಗೆ ಹಣ ಕೊಡಲಾಗದ ಮನೆಯವರೂ ಭಾರತದ ಪಂದ್ಯ ನೋಡಲಿ ಎಂಬುದು ಉದ್ದೇಶ. ಹತ್ತು ವರ್ಷದ ನಂತರ, 2017ರ ಆಗಸ್ಟಿನಲ್ಲಿ, ಹೀಗೆ ಪಡೆದ ಸಂಕೇತವನ್ನು ದೂರದರ್ಶನ ತನ್ನ ಭೂಪ್ರಸಾರದಲ್ಲಿ ಮತ್ತು ತನ್ನದೇ ಡಿ.ಟಿ.ಎಚ್.ನಲ್ಲಿ ಮಾತ್ರ ತೋರಿಸಬೇಕು, ಖಾಸಗಿ ಕೇಬಲ್ ಮೂಲಕ ಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಬೆಂಗಳೂರಿನ ತಂಡ ಲೀಗು ಬಿಟ್ಟ ಕಥೆ

ಕ್ರಿಕೆಟ್ಟಿನ ಮಾತು ಸಾಕು. ಅಮೆರಿಕದ ಕೂಟ ಬದಲಾವಣೆಗೆ ನಮ್ಮಲ್ಲಿ ನಿಜವಾಗಿ ಹೋಲುವುದು ಫುಟ್‌ಬಾಲಿನ ಕಥೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಬ್ರಿಟಿಷ್ ಪಲ್ಟಣದ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಮೈಸೂರು ರಾಜ್ಯದ ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದೆ. 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ನಮ್ಮ ಐ.ಟಿ.ಐ. ಕಾರ್ಖಾನೆಯ ತಂಡ, ಅದೂ ಮೋಹನ್ ಬಗಾನ್ ಎದುರು. ಟೆಲಿಫೋನ್ ತಯಾರಿಸುವವರು, ವಿಮಾನ ತಯಾರಿಸುವವರು ಸಂಜೆ ಚೆಂಡು ಒದೆಯುತ್ತಿದ್ದ ಕಾಲ ಅದು. ಆಟಗಾರನಿಗೆ ಕಾರ್ಖಾನೆಯ ನೌಕರಿಯೇ ಸಂಬಳ. ಈ ಸಾರ್ವಜನಿಕ ಉದ್ದಿಮೆಗಳ ಫುಟ್‌ಬಾಲ್ ಕ್ರಮೇಣ ಬತ್ತಿತು. ಎಚ್.ಎ.ಎಲ್. ತಂಡ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು.

ಮರುವರ್ಷ ಜೆ.ಎಸ್.ಡಬ್ಲ್ಯು. ಸಂಸ್ಥೆ ಬೆಂಗಳೂರು ಎಫ್.ಸಿ. ತಂಡ ಕಟ್ಟಿತು. ಮೊದಲ ಯತ್ನದಲ್ಲೇ, 2013–14ರಲ್ಲಿ, ಐ-ಲೀಗ್ ಗೆದ್ದಿತು. 2015–16ರಲ್ಲಿ ಮತ್ತೆ ಗೆದ್ದಿತು. 2016ರ ನವೆಂಬರಿನಲ್ಲಿ ದೋಹಾದಲ್ಲಿ ಎ.ಎಫ್.ಸಿ. ಕಪ್ ಫೈನಲ್ ಆಡಿತು. ಅಲ್ಲಿಯವರೆಗೆ ಹೋದ ಮೊದಲ ಭಾರತೀಯ ಕ್ಲಬ್ ಅದು. ಕಂಠೀರವದ ಪಶ್ಚಿಮ ಕಟ್ಟೆಯಲ್ಲಿ ನೀಲಿ ಅಂಗಿಯ ಹುಡುಗರು ತೊಂಬತ್ತು ನಿಮಿಷ ಕೂರದೆ ಹಾಡುವುದು ಊರಿನ ಹೊಸ ರೂಢಿಯಾಯಿತು.

ಇತ್ತ ಇನ್ನೊಂದು ಬೆಳವಣಿಗೆ. 2010ರ ಡಿಸೆಂಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ಎಲ್ಲ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಕ್ಕೆ 700 ಕೋಟಿ ರೂಪಾಯಿಗೆ ಐ.ಎಂ.ಜಿ.–ರಿಲಯನ್ಸ್‌ಗೆ ಬರೆದುಕೊಟ್ಟಿತ್ತು. ಅದರ ಫಲವಾಗಿ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಹುಟ್ಟಿತು. ಸಿನಿಮಾ ತಾರೆಯರು, ಕ್ರಿಕೆಟಿಗರು ಒಡೆಯರು. ಪ್ರಸಾರ ಸ್ಟಾರ್ ವಾಹಿನಿಯದು. ಐ-ಲೀಗ್ ಹಳೆಯ ಮನೆಯಾಯಿತು. 2016ರಲ್ಲೇ ಗೋವಾದ ಸಾಲ್ಗಾವ್ಕರ್, ಸ್ಪೋರ್ಟಿಂಗ್, ಡೆಂಪೊ ತಂಡಗಳು ಐ-ಲೀಗಿನಿಂದ ಹೊರನಡೆದವು.

2017ರ ಜೂನಿನಲ್ಲಿ ಬೆಂಗಳೂರು ಎಫ್.ಸಿ. ಸೂಪರ್ ಲೀಗಿಗೆ ಹೋಯಿತು. ಸೇರಲು ವರ್ಷಕ್ಕೆ ಹತ್ತು ಕೋಟಿಗೂ ಮೀರಿದ ಶುಲ್ಕ. ಕೊಡಬಲ್ಲವರು ಹೋದರು. ಕೊಡಲಾಗದವರಲ್ಲಿ ಮಿಜೋರಾಮಿನ ಐಜ್ವಾಲ್ ಎಫ್.ಸಿ. ಇತ್ತು. ಅದು ಆ ವರ್ಷವಷ್ಟೇ ದೇಶದ ಚಾಂಪಿಯನ್ ಆಗಿತ್ತು! ತಮ್ಮನ್ನು ಎರಡನೇ ದರ್ಜೆಗೆ ತಳ್ಳಿದರೆ ಆಮರಣಾಂತ ಉಪವಾಸ ಕೂರುವುದಾಗಿ ಆ ಕ್ಲಬ್ಬಿನವರು ಹೇಳಿದ್ದರು. ಅಮೆರಿಕದಲ್ಲಿ ಹಿಂದೆ ಉಳಿದ ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್‌ಗಳ ಹಾಗೆಯೇ ಇವರ ಊರೂ ಚಿಕ್ಕದು. ಟಿ.ವಿ. ಜಾಹೀರಾತಿನವರ ನಕಾಶೆಯಲ್ಲಿ ಅದು ಒಂದು ಚುಕ್ಕಿ.

ಬೆಂಗಳೂರಿನ ಮಟ್ಟಿಗೆ ಆ ನಿರ್ಧಾರ ಸರಿಯಾಗಿತ್ತೇ? ಆ ಹೊತ್ತಿಗೆ ಸರಿಯೆಂದೇ ನನ್ನ ಭಾವನೆ. ನಿಂತಿದ್ದರೆ ಸುನಿಲ್ ಛೆಟ್ರಿಯವರಂಥ ಆಟಗಾರರನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. 2018ರ ಮಾರ್ಚಿನಲ್ಲಿ ತನ್ನದೇ ಕಂಠೀರವದಲ್ಲಿ ಫೈನಲ್ ಸೋತ ತಂಡ ಮರುವರ್ಷ ಗೋವಾವನ್ನು ಸೋಲಿಸಿ ಪ್ರಶಸ್ತಿ ತಂದಿತು. 2020ರ ಹೊತ್ತಿಗೆ ಕಲ್ಕತ್ತೆಯ ಎರಡು ದೊಡ್ಡ ಕ್ಲಬ್ಬುಗಳೂ ಅತ್ತ ಹೊರಟವು. ಕೆಳಗಿನಿಂದ ಗೆದ್ದು ಮೇಲೇರುವ ದಾರಿ ತೆರೆದದ್ದು 2023ರಲ್ಲಿ, ಪಂಜಾಬಿನ ತಂಡಕ್ಕೆ. ಅದೇ ವರ್ಷ ಮಾರ್ಚ್ 4ರಂದು ಕರ್ನಾಟಕ ತಂಡ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ, ಸೌದಿ ಅರೇಬಿಯಾದ ರಿಯಾದಿನಲ್ಲಿ.

ಆದರೆ ಹದಿನೈದು ವರ್ಷದ ಒಪ್ಪಂದಕ್ಕೆ ಒಂದು ಕೊನೆಯ ದಿನ ಇದ್ದೇ ಇತ್ತು: 2025ರ ಡಿಸೆಂಬರ್ 8. ಮುಂದೇನೆಂದು ತೀರ್ಮಾನವಾಗದೆ ಆ ವರ್ಷದ ಜುಲೈನಲ್ಲೇ ಸಂಘಟಕರು ಹೊಸ ಋತುವನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಫೆಡರೇಷನ್ ಹಕ್ಕುಗಳಿಗೆ ಟೆಂಡರ್ ಕರೆಯಿತು. ನವೆಂಬರಿನಲ್ಲಿ ಗಡುವು ಮುಗಿದಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಮಧ್ಯೆ ಬಂದು, ಫೆಬ್ರುವರಿ 14ರಿಂದ ಹದಿನಾಲ್ಕು ಕ್ಲಬ್ಬುಗಳ ಮೊಟಕು ಲೀಗ್ ನಡೆಯುವುದೆಂದು ಘೋಷಿಸಿದರು. ಅದನ್ನು ನಡೆಸುವ ಖರ್ಚಿನಲ್ಲಿ ಕ್ಲಬ್ಬುಗಳೂ ತಮ್ಮ ಪಾಲು ಕೊಡಬೇಕು ಎಂಬುದು ಏರ್ಪಾಡು.